ತುಂಗಕ್ಕನ ಬಿಗೋನಿಯ ಗಿಡಗಳು ಮತ್ತು ಕರಿ ಗುಂಗುರುಗಳು

ಮಕ್ಕಳೇ, ಕಾಡಿನ ನಡುವೆ ಒಂದು ಕೊಳವಿತ್ತು. ಅದರ ದಂಡೆಯಲ್ಲಿ ತುಂಗಕ್ಕ ಎಂಬ ಬಾತುಕೋಳಿ ವಾಸವಾಗಿದ್ದಳು. ಅವಳ ಮನೆಯ ಮುಂದೆ ಐದು ಮಣ್ಣಿನ ಕುಂಡಗಳು, ಐದರಲ್ಲೂ ಕೆಂಪು ಹೂವಿನ ಬಿಗೋನಿಯ ಗಿಡ. ಕಾಡಿಗೆ ಕುಂಡ ಎಲ್ಲಿಂದ ಬಂತು ಎಂದು ಕೇಳಬೇಡಿ. ಬಾತುಕೋಳಿ ಮಾತಾಡುತ್ತದೆಂದು ನಂಬಿದವರು ಕುಂಡವನ್ನೂ ನಂಬಬಹುದು.

ತುಂಗಕ್ಕ ಬಹಳ ಉಪಚಾರದ ಹೆಂಗಸು. ಯಾರನ್ನು ಕಂಡರೂ ಮೊದಲು ನೀರು ಕೊಡಬೇಕು, ಆಮೇಲೆ ಮಾತು. ಇದು ಅವಳ ತವರಿನ ಪದ್ಧತಿ. ಹಾಗಾಗಿ ಗಿಡಗಳ ಮುಂದೆ ಹಾದುಹೋದಾಗಲೆಲ್ಲ ಕೊಕ್ಕಿನ ತುಂಬ ನೀರು ತಂದು ಸುರಿಯುತ್ತಿದ್ದಳು.

“ಪಾಪ, ಬಾಯಾರಿರುತ್ತೆ!” ಎನ್ನುತ್ತಿದ್ದಳು. ಹುಟ್ಟಿದಂದಿನಿಂದ ನೀರಿನಲ್ಲೇ ಇದ್ದವಳಿಗೆ, ನೀರು ಸಾಕಾಗುವುದೂ ಉಂಟು ಎಂದು ಹೊಳೆದಿರಲಿಲ್ಲ. ಬೇಡ ಎನ್ನಲು ಗಿಡಗಳಿಗೆ ಬರುತ್ತಿರಲಿಲ್ಲ.

ಕುಂಡಗಳ ಮಣ್ಣು ಸದಾ ಕೆಸರು. ಒಂದು ದಿನ ಅದರ ಮೇಲೆ ಸಾಸಿವೆಗಿಂತ ಸಣ್ಣ ಹಾರುವ ಹುಳಗಳು, ಕರಿ ಗುಂಗುರುಗಳು, ಕಾಣಿಸಿಕೊಂಡವು. ಜಾಗ ಹಿಡಿಸಿತೆಂದು ಕಾಣುತ್ತದೆ, ವಾರದೊಳಗೆ ನೆಂಟರಿಷ್ಟರನ್ನೆಲ್ಲ ಕರೆಸಿಕೊಂಡವು. ಎರಡು ಗಿಡಗಳು ಬಾಡಿ ಬಿದ್ದೇಹೋದವು.

ತುಂಗಕ್ಕ ಗಾಬರಿಯಾಗಿ ಕಪ್ಪೆರಾಯರನ್ನು ಕರೆಸಿದಳು. ಆ ಕೊಳದಲ್ಲಿ ಅವರಿಗೆ ತಿಳಿಯದ ವಿಷಯವಿಲ್ಲ. ಅದನ್ನು ಅವರೇ ಎಲ್ಲರಿಗೂ ಹೇಳಿದ್ದರು.

ರಾಯರು ಕುಂಡದ ಅಂಚಿನಲ್ಲಿ ಕೂತು, ನಾಲಗೆ ಚಾಚಿ ಮೂರು ಗುಂಗುರುಗಳನ್ನು ನುಂಗಿ, ಗಂಭೀರವಾಗಿ ನುಡಿದರು: “ನೀರು ಸಾಲದಮ್ಮ.”

“ಇನ್ನೂ ಬೇಕೇ ರಾಯರೇ?”

“ಧಾರಾಳವಾಗಿ ಹಾಕು. ಹುಳಗಳ ಚಿಂತೆ ನನಗೆ ಬಿಡು. ಬೆಳಿಗ್ಗೆ ಸಂಜೆ ಬಂದು ನೋಡಿಕೊಳ್ಳುತ್ತೇನೆ.”

ರಾಯರು ಒಂದು ಹೊತ್ತೂ ತಪ್ಪಿಸಲಿಲ್ಲ. ವಾರ ಕಳೆಯುವಷ್ಟರಲ್ಲಿ ಅವರ ಹೊಟ್ಟೆ ದುಂಡಗಾಯಿತು, ಇನ್ನೆರಡು ಗಿಡಗಳು ಹೋದವು. ಉಳಿದದ್ದು ಒಂದೇ, ಅದೂ ತಲೆ ಬಾಗಿಸಿತ್ತು. ತುಂಗಕ್ಕ ಅದರ ಮೇಲೆ ಬಗ್ಗಿ ಗಳಗಳನೆ ಅತ್ತಳು.

“ಅಕ್ಕಾ, ಅಳೋದಾದರೆ ಸ್ವಲ್ಪ ಆಚೆ ತಿರುಗಿ ಅಳು. ಅದೂ ಕುಂಡಕ್ಕೇ ಬೀಳ್ತಿದೆ.”

ಹಾಗೆಂದವನು ಪಕ್ಕದ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಓತಿಕ್ಯಾತ ಕಲ್ಲಪ್ಪ.

“ಮಣ್ಣು ಕೆದಕಿ ನೋಡು,” ಎಂದ. ತುಂಗಕ್ಕ ಕೊಕ್ಕಿನಿಂದ ಕೆದಕಿದಳು. ಒದ್ದೆ ಮಣ್ಣಿನಲ್ಲಿ ದಾರದ ಚೂರಿನಂಥ ಬಿಳಿ ಮರಿಹುಳುಗಳು ಬೇರಿಗೆ ಮುತ್ತಿಕೊಂಡಿದ್ದವು.

“ಅಯ್ಯೋ ಕಲ್ಲಪ್ಪಾ! ಈಗೇನು ಮಾಡಲಿ?”

“ಏನೂ ಮಾಡಬೇಡ. ನೀರು ನಿಲ್ಲಿಸು. ಮೇಲಿನ ಮಣ್ಣು ಒಣಗಿದರೆ ಮರಿ ಬದುಕಲ್ಲ. ಅದರ ಮೇಲೆ ಒಂದು ಪದರ ದಪ್ಪ ಮರಳು ಹರಡು, ಗುಂಗುರುಗಳಿಗೆ ಮೊಟ್ಟೆ ಇಡೋಕೆ ಜಾಗ ಸಿಗಲ್ಲ. ಆಮೇಲೆ ಬೇಕಾದಾಗ ಕುಂಡವನ್ನು ನೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಡು, ತಳದಿಂದ ಅದೇ ಕುಡಿಯುತ್ತೆ.”

“ಬಾಯಾರಿಸಿ ಕೊಲ್ಲು ಅಂತೀಯಾ? ನಿನಗೆ ಕರುಳಿದೆಯೇನೋ?”

“ಕುಡಿಸಿ ಕುಡಿಸಿ ನಾಲ್ಕನ್ನು ಕಳಿಸಿದ್ದೀಯ. ಇದೊಂದನ್ನು ಬಾಯಾರಿಸಿ ನೋಡು.”

ತುಂಗಕ್ಕ ನೀರು ನಿಲ್ಲಿಸಿದಳು. ಮರಳು ಹರಡಿದಳು. ಗಿಡ ಕಣ್ಣಿಗೆ ಬಿದ್ದರೆ ಕೊಕ್ಕು ತಡೆಯಲಾರದೆಂದು ದಿನವೂ ಕೊಳದ ಸುತ್ತ ಬಳಸಿಕೊಂಡು ಹಿಂಬಾಗಿಲಿನಿಂದ ಮನೆಗೆ ಬಂದಳು.

ಐದನೆಯ ದಿನ ಕಪ್ಪೆರಾಯರು ಸಿಡಿಮಿಡಿಗೊಂಡರು. “ಇದೇನಮ್ಮ, ಒಂದು ಹುಳವೂ ಕಾಣಲ್ಲ! ಹೀಗೆ ಒಣಗಿಸಿದರೆ ಗತಿಯೇನು?”

“ಗಿಡದ ಗತಿಯೋ, ನಿಮ್ಮದೋ ರಾಯರೇ?”

ಮರುದಿನದಿಂದ ರಾಯರು ಬರಲಿಲ್ಲ. ಕೊಳದ ಆಚೆ ದಂಡೆಯಲ್ಲಿ ಯಾರಿಗೋ ಅವರ ಸಲಹೆ ತುರ್ತಾಗಿ ಬೇಕಾಗಿತ್ತಂತೆ.

ಹನ್ನೆರಡನೆಯ ದಿನ ತುಂಗಕ್ಕ ಹೆದರುತ್ತಲೇ ಕುಂಡದ ಬಳಿ ಹೋದಳು. ಗಿಡ ತಲೆಯೆತ್ತಿ ನಿಂತಿತ್ತು. ಬುಡದಲ್ಲಿ ಎರಡು ಎಳೆ ಚಿಗುರು.

“ಕಲ್ಲಪ್ಪಾ, ಬದುಕಿತು ಕಣೋ! ಎಲ್ಲ ನಿನ್ನಿಂದ!”

“ನಾನೇನು ಮಾಡಿದೆ? ನೀನು ಸುಮ್ಮನಿದ್ದೆಯಲ್ಲ, ಅದೇ ದೊಡ್ಡದು.”

“ಹೌದಪ್ಪ,” ಎಂದು ತುಂಗಕ್ಕ ಕುಂಡದ ಪಕ್ಕದಲ್ಲೇ ಕುಸಿದು ಕೂತಳು. “ಇಷ್ಟು ದಣಿವಿನ ಕೆಲಸ ನಾನು ಹಿಂದೆಂದೂ ಮಾಡಿಲ್ಲ.”

ನೀತಿ: ಪ್ರೀತಿಯಿಂದ ಕೊಡುವುದನ್ನೂ ಬೇಕೇ ಎಂದು ನೋಡಿ ಕೊಡಬೇಕು, ಇನ್ನಷ್ಟು ಕೊಡು ಎನ್ನುವವರ ಹೊಟ್ಟೆಯನ್ನೂ ಒಮ್ಮೆ ನೋಡಬೇಕು.