ಒಳಮನೆಯ ಗಡಿಗೆ

“ಮೇಷ್ಟ್ರೇ, ಒಳ್ಳೆಯ ಸಾಧನವನ್ನು ತಿಳಿಯದವರ ಕೈಗೆ ಕೊಡುವುದು ತಪ್ಪಲ್ಲವೇ?” ಎಂದು ನೀಲಾಂಬಿಕೆ ಕೇಳಿದಳು.

ಅವಳಿಗೆ ತಂತ್ರಾಂಶ ಬರೆಯುವುದನ್ನು ಕಲಿಸಿದವರು ಚೆನ್ನವೀರಯ್ಯ ಮೇಷ್ಟ್ರು. ಈಗ ಅವಳು ಕೆಲವು ಗೆಳೆಯರೊಡನೆ ಒಂದು ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದಳು. ಪುಸ್ತಕಗಳದ್ದಲ್ಲ, ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಕೆಲಸಕ್ಕೆ ಜೋಡಿಸಿಕೊಳ್ಳಬಹುದಾದ, ಎಲ್ಲರಿಗೂ ಸೇರಿದ ತಂತ್ರಾಂಶದ ಲೈಬ್ರರಿ. ಅದರೊಳಗೆ ಹ್ಯಾಶ್ ಎಂಬ ಲೆಕ್ಕಾಚಾರವೊಂದಿತ್ತು. ಯಾವ ಕಡತ ಕೊಟ್ಟರೂ ಅದು ಒಂದು ಪುಟ್ಟ ಗುರುತನ್ನು ಕೊಡುತ್ತದೆ. ಕಡತದಲ್ಲಿ ಒಂದಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಗುರುತನ್ನು ಹಿಡಿದು ಕಡತವನ್ನು ಮರಳಿ ಕಟ್ಟಲಾಗದು. ದಾರಿಯಲ್ಲಿ ಯಾರಾದರೂ ಕಡತಕ್ಕೆ ಕೈಹಾಕಿದ್ದಾರೆಯೇ ಎಂದು ಇದರಿಂದ ತಿಳಿಯುತ್ತದೆ. ಆದರೆ ಲೈಬ್ರರಿ ಅದನ್ನು ತನ್ನ ಒಳಕೆಲಸಕ್ಕೆ ಮಾತ್ರ ಬಳಸುತ್ತಿತ್ತು. ನಮಗೂ ಬಳಸಲು ಬಿಡಿ ಎಂದು ಹೊರಗಿನವರು ಕೇಳುತ್ತಿದ್ದರು.

“ಬಿಟ್ಟರೆ ಸಲ್ಲದ ಕಡೆ ಬಳಸಿ ಕೆಡಿಸುತ್ತಾರೆ. ಆಮೇಲೆ ನಮ್ಮನ್ನೇ ಬೈಯುತ್ತಾರೆ. ಒಳಗೇ ಇದ್ದರೆ ಎಲ್ಲರಿಗೂ ಕ್ಷೇಮ” ಎಂದಳು ನೀಲಾಂಬಿಕೆ.

“ಎಲ್ಲರಿಗೂ? ಸರಿ, ಕೇಳು” ಎಂದು ಮೇಷ್ಟ್ರು ನಕ್ಕು ಹೇಳತೊಡಗಿದರು.

ಒಬ್ಬ ವೈದ್ಯನಿದ್ದ. ಮಕ್ಕಳ ಜ್ವರಕ್ಕೆ ಅವನು ಮಾಡುತ್ತಿದ್ದ ಪುಡಿ ಸುತ್ತಲಿನ ಊರುಗಳಿಗೆಲ್ಲ ಹೋಗುತ್ತಿತ್ತು. ಹೊತ್ತು ಮಾರುವವರೆಲ್ಲ ಸಂಭಾವಿತರಲ್ಲ. ಕೆಲವರು ಅದಕ್ಕೆ ಇಟ್ಟಿಗೆಪುಡಿ ಬೆರೆಸುತ್ತಿದ್ದರು. ಅದನ್ನು ಕಂಡುಹಿಡಿಯಲು ವೈದ್ಯನ ಒಳಮನೆಯಲ್ಲಿ ಒಂದು ಗಡಿಗೆಯಿತ್ತು. ಗಡಿಗೆಯಲ್ಲಿ ಯಾವುದೋ ಬೇರು ನೆನೆಹಾಕಿದ ತಿಳಿನೀರು. ಬಿಳಿ ಬಟ್ಟೆಯ ಮೇಲೆ ಚಿಟಿಕೆ ಪುಡಿ ಇಟ್ಟು ಒಂದು ಹನಿ ಬಿಟ್ಟರೆ, ನಿಜವಾದ ಪುಡಿ ಯಾವಾಗಲೂ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಸಾಸಿವೆಯಷ್ಟು ಬೆರಕೆಯಿದ್ದರೂ ಬಣ್ಣವೇ ಬೇರೆ. ಆ ಬಣ್ಣವನ್ನು ಎಷ್ಟು ನೋಡಿದರೂ ಮದ್ದು ಮಾಡುವ ಬಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಊರವರು ಬಂದು, “ಪಂಡಿತರೇ, ಆ ನೀರನ್ನು ನಮಗೂ ಒಂದಿಷ್ಟು ಕೊಡಿ. ನಮ್ಮೂರಲ್ಲೇ ನೋಡಿಕೊಳ್ಳುತ್ತೇವೆ” ಎಂದರು.

“ಒಂದು ಹನಿ ಎಂದರೆ ಒಂದು ಸೌಟು ಸುರಿಯುವ ದಡ್ಡರು ನೀವು. ಬಣ್ಣ ಕೆಟ್ಟರೆ ನನ್ನ ಮದ್ದನ್ನೇ ಬೈಯುತ್ತೀರಿ. ಇಲ್ಲಿಗೇ ತನ್ನಿ, ನಾನೇ ನೋಡಿ ಹೇಳುತ್ತೇನೆ” ಎಂದ ವೈದ್ಯ.

ಅವನು ಕೆಟ್ಟವನಲ್ಲ. ಯಾರು ಯಾವ ಹೊತ್ತಿಗೆ ಬಂದರೂ ನೋಡಿ ಹೇಳುತ್ತಿದ್ದ. ಆದರೆ ಹೆತ್ತ ಮಗಳಿಗೂ ಆ ಗಡಿಗೆಯ ಮುಚ್ಚಳ ತೆಗೆಯಲು ಬಿಟ್ಟವನಲ್ಲ.

ದೂರದವರು ಎಷ್ಟು ಸಲ ಬಂದಾರು? ಊರೂರಿಗೆ ಒಂದೊಂದು ಪರೀಕ್ಷೆ ಹುಟ್ಟಿಕೊಂಡಿತು. ಒಂದೂರಲ್ಲಿ ಮೂಸಿ ನೋಡಿದರು. ಇನ್ನೊಂದೂರಲ್ಲಿ ಮನೆಯ ಹಿರಿಯ ಅದನ್ನು ನೆಕ್ಕಿ ಮುಖ ಕಿವುಚಿದರೆ ಮದ್ದು ನಿಜವೆಂದರು. ಹೊಳೆಯಾಚೆಯ ಊರಲ್ಲಿ ನೀರಿಗೆ ಹಾಕಿ ನೋಡುತ್ತಿದ್ದರು. ತೇಲಿದರೆ ಮದ್ದು, ಮುಳುಗಿದರೆ ಇಟ್ಟಿಗೆ.

ವೈದ್ಯ ತನ್ನ ಮಗಳನ್ನು ಕೊಟ್ಟದ್ದು ಆ ಹೊಳೆಯಾಚೆಯ ಊರಿಗೆ. ಒಂದು ದಿನ ಅವಳು ಜ್ವರದಿಂದ ಸುಡುತ್ತಿದ್ದ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ತವರಿನ ಬಾಗಿಲಿಗೆ ಬಂದಳು. ಮಗುವಿಗೆ ಅಳುವ ತ್ರಾಣವೂ ಉಳಿದಿರಲಿಲ್ಲ.

“ಮಾರುವವನ ಕೈಯಲ್ಲಿ ಪುಡಿ ಕಳಿಸಿದ್ದೆನಲ್ಲ ತಾಯಿ, ಕೊಡಲಿಲ್ಲವೇನೇ?” ಎಂದ ವೈದ್ಯ.

“ನೀರಿಗೆ ಹಾಕಿ ನೋಡಿದೆವಪ್ಪಾ. ಮುಳುಗಿತು. ಕಲಬೆರಕೆ ಅಂತ ಅತ್ತೆ ಹೊಳೆಗೆ ಸುರಿದುಬಿಟ್ಟರು.”

“ನಿಜವಾದ ಪುಡಿಯೂ ಮುಳುಗುತ್ತದೆ ಕಣೇ.”

“ಅದನ್ನು ನಮಗೆ ಯಾರಪ್ಪಾ ಹೇಳಿದ್ದರು?”

ವೈದ್ಯ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಮದ್ದನ್ನು ಜೇನಿನಲ್ಲಿ ಕಲಸಿ ಮಗುವಿನ ನಾಲಿಗೆಗೆ ಹಚ್ಚಿದ. ಮೊಮ್ಮಗುವನ್ನು ತೊಡೆಯಿಂದ ಇಳಿಸದೆ ಕೂತೇ ಇದ್ದ. ಸಂಜೆಯ ಹೊತ್ತಿಗೆ ಮಗುವಿನ ಹಣೆ ಬೆವರಿತು. ಅದು ಕಣ್ಣು ಬಿಟ್ಟು ಅಜ್ಜನ ಮೀಸೆ ಹಿಡಿದು ಎಳೆಯಿತು. ಅಜ್ಜ ಅತ್ತುಬಿಟ್ಟ.

ಮರುದಿನ ಗಡಿಗೆ ಒಳಮನೆಯಿಂದ ಜಗಲಿಗೆ ಬಂತು. ಊರೂರಿಗೆ ತಿಳಿನೀರು ಹೋಯಿತು. ಒಬ್ಬ ಪುಣ್ಯಾತ್ಮ ಅದನ್ನೇ ಮದ್ದೆಂದು ತಿಳಿದು ಎತ್ತಿಗೆ ಕುಡಿಸಿದ. ಎತ್ತು ಎರಡು ದಿನ ಹುಲ್ಲು ಮುಟ್ಟಲಿಲ್ಲ. ಆದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳಲು ವೈದ್ಯ ಈಗ ಸಿದ್ಧನಿರಲಿಲ್ಲ. ಗಡಿಗೆಯ ಪಕ್ಕದಲ್ಲೇ ಕೂತು, “ಒಂದೇ ಹನಿ. ಇದು ನೋಡುವುದಕ್ಕೆ, ಕುಡಿಯುವುದಕ್ಕಲ್ಲ” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿ ಹೇಳಿ ಗಂಟಲು ಕಟ್ಟಿತು. ಗಡಿಗೆ ಮಾತ್ರ ಮತ್ತೆ ಒಳಗೆ ಹೋಗಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ನೀಲಾಂಬಿಕೆ ಇನ್ನೂ ಸೋಲಲು ಒಪ್ಪಲಿಲ್ಲ.

“ಎತ್ತಿಗೆ ಕುಡಿಸಿಯೇ ಕುಡಿಸಿದನಲ್ಲ ಮೇಷ್ಟ್ರೇ. ವೈದ್ಯ ಹೆದರಿದ್ದೇನೂ ಸುಳ್ಳಾಗಲಿಲ್ಲ.”

“ಇಲ್ಲ ಮಗಳೇ, ಸುಳ್ಳಾಗಲಿಲ್ಲ” ಎಂದರು ಮೇಷ್ಟ್ರು. “ಅವನು ಬಾಗಿಲು ಹಾಕಿದ್ದು ದಡ್ಡರ ಮುಖಕ್ಕೆ, ಹೊರಗೆ ನಿಂತಿದ್ದವಳು ಮಗಳು.”