ಓಗೊಡುವ ಗುಡ್ಡ

ಇಟಲಿಯ ನಡುಬೆಟ್ಟಗಳ ಸಾಲಿನಲ್ಲಿ, ವರ್ಷದ ಬಹುಪಾಲು ಮಂಜು ಹೊದ್ದು ಕೂತ ಒಂದು ಗುಡ್ಡವಿದೆ. ನೆತ್ತಿಯ ಮೇಲೆ ಕಲ್ಲಿನ ಕ್ರೈಸ್ತ ಮಠ. ಪಕ್ಕದಲ್ಲೇ ಇಣುಕಿದರೆ ಕಣ್ಣು ಕತ್ತಲಿಡುವ ಕಮರಿ. ಸುತ್ತಲಿನ ಊರವರು ಅದಕ್ಕಿಟ್ಟ ಹೆಸರನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಓಗೊಡುವ ಗುಡ್ಡ’. ಅಲ್ಲಿಯ ಸನ್ಯಾಸಿಗಳೋ ತುಟಿ ಬಿಚ್ಚುವುದೇ ಅಪರೂಪ. ಮಾತಾಡದವರ ಗುಡ್ಡಕ್ಕೆ ಇದೆಂಥ ಹೆಸರಪ್ಪಾ ಎಂದು ಯಾರಿಗಾದರೂ ಅನ್ನಿಸೀತು.

ಹಿಂದೆ ಒಮ್ಮೆ, ಮಠ ಕಟ್ಟಿದ ಸಂತ ಆರ್ದುಯಿನೊ ಇನ್ನೂ ಬದುಕಿದ್ದ ಕಾಲ. ಮಹಾ ಸಾತ್ವಿಕರು, ಆದರೆ ನಿಯಮದ ವಿಷಯಕ್ಕೆ ಬಂದರೆ ಕಗ್ಗಲ್ಲು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಮಠದಲ್ಲಿ ಯಾರೂ ಒಂದು ಮಾತೂ ಆಡುವಂತಿರಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು! ಮರೆಯಲ್ಲಿ ನಿಂತು ಶಿಷ್ಯರ ಹೆಸರು ಹಿಡಿದು ಕೂಗುವುದು, ‘ಬಿದ್ದೆನಪ್ಪಾ, ಓ ಅನ್ನು’ ಎಂದು ಗೋಗರೆದು ಪರೀಕ್ಷಿಸುವುದು ಅವರ ರೂಢಿ. ಲಾಂದೊ ಎಂಬ ಶಿಷ್ಯ ಒಮ್ಮೆ ಹಾಗೆ ಓಗೊಟ್ಟು, ಊಟದ ಮನೆಯ ಹೊಸ್ತಿಲಾಚೆ ನೆಲದ ಮೇಲೆ ಕೂತು ಉಣ್ಣುವ ಶಿಕ್ಷೆ ಅನುಭವಿಸಿದ್ದ. ಪಾಪ, ಆ ನಾಚಿಕೆ ಅವನ ಮನಸ್ಸಿನಿಂದ ಮಾಸಿರಲಿಲ್ಲ.

ಮರುವರ್ಷದ ಉಪವಾಸದಲ್ಲಿ ಒಂದು ಮುಂಜಾನೆ, ಕಾಯಿಲೆ ಬಿದ್ದ ಕುರುಬನೊಬ್ಬನನ್ನು ನೋಡಿ ಬರುವಾಗ ಗುರುಗಳು ಮಂಜಿನಲ್ಲಿ ದಾರಿ ತಪ್ಪಿದರು. ಬಾವಿಯ ರಾಟೆಯ ಸದ್ದು ಕೇಳಿ, “ಲಾಂದೊ! ಎಲ್ಲಿದ್ದೀಯೋ?” ಎಂದು ಕೂಗಿದರು. ನೀರು ಸೇದುತ್ತಿದ್ದ ಲಾಂದೊ ಹಗ್ಗ ಹಿಡಿದು ಹಾಗೇ ನಿಂತ. ರಾಟೆಯ ಸದ್ದೂ ಅಡಗಿತು. ಇದು ನಿಜವೋ, ಪರೀಕ್ಷೆಯೋ? ಹೋಗಿ ನೋಡೋಣವೆಂದರೆ ದನಿ ಯಾವ ಕಡೆಯದೆಂದೇ ತಿಳಿಯದು. ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು ಅವನಿಗೆ, ನುಂಗಲಾರ, ಉಗುಳಲಾರ. “ಒಂದು ಸಲ ಓ ಅನ್ನಪ್ಪಾ, ದನಿ ಹಿಡಿದು ಬರುತ್ತೇನೆ.” ಹೋದ ವರ್ಷವೂ ಹೀಗೇ ಅಲ್ಲವೇ ಅಂಗಲಾಚಿದ್ದು! “ಮಗಾ, ಇದು ಪರೀಕ್ಷೆಯಲ್ಲ!” ಅಯ್ಯೋ, ಪರೀಕ್ಷೆ ಮಾಡುವವರು ಹೇಳುವುದೂ ಇದನ್ನೇ, ಎಂದುಕೊಂಡ ಲಾಂದೊ. ಅಷ್ಟರಲ್ಲಿ ಕಲ್ಲುಗಳು ಉರುಳಿದ ಸದ್ದಾಯಿತು.

“ಓ! ಓ ಗುರುಗಳೇ! ಇಲ್ಲಿದ್ದೇನೆ!” ಎಂದು ಅರಚುತ್ತಾ ಸದ್ದು ಬಂದ ಕಡೆಗೆ ಓಡಿದ. ಕಮರಿಯ ಅಂಚಿನ ಕೆಳಗೆ ಬಂಡೆಯ ಮೇಲೆ ಬಿದ್ದಿದ್ದ ಗುರುಗಳಲ್ಲಿ ಇನ್ನೂ ಉಸಿರಿತ್ತು. ಕೆಳಗಿಳಿದು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೊಳೋ ಎಂದು ಅತ್ತ. “ನಾನು ಕಲಿಸಿದ್ದನ್ನೇ ನೀನು ಮಾಡಿದೆ, ಮಗಾ. ನಾನೇ ತಪ್ಪು ಕಲಿಸಿದೆ” ಎಂದು ಅವರು ಕಣ್ಣುಮುಚ್ಚಿದರು ಎನ್ನುತ್ತಾರೆ. ಅದು ಕ್ಷಮೆಯೋ, ಕೊನೆಯ ಪರೀಕ್ಷೆಯೋ ಎಂಬುದು ಲಾಂದೊಗೆ ಸಾಯುವ ತನಕ ಬಗೆಹರಿಯಲಿಲ್ಲವಂತೆ. ಆದರೆ ಅಂದಿನಿಂದ ಯಾರು ಕೂಗಿದರೂ ಅವನು ಓಗೊಡದೆ ಇರಲಿಲ್ಲ; ಅವನನ್ನು ನೋಡಿ ಉಳಿದವರೂ ಹಾಗೇ ಮಾಡಿದರು.

ಇಂದಿಗೂ ಗುಡ್ಡ ಹತ್ತುವವರು ಕೂಗಿದರೆ, ಉಪವಾಸದ ದಿನವಾದರೂ ಸರಿ, ಸೊಪ್ಪಿನ ಮಡಿಯಲ್ಲಿ ಬಗ್ಗಿದ ಸನ್ಯಾಸಿ ತಲೆಯೆತ್ತಿ “ಓ” ಎನ್ನುತ್ತಾನೆ. ಪ್ರವಾಸಿಗರ ಮಕ್ಕಳು ಕಿತಾಪತಿಗೆಂದೇ ಮತ್ತೆ ಮತ್ತೆ ಕೂಗಿ ನಗುತ್ತವೆ. ಪ್ರತಿ ಸಲವೂ ಓ ಬರುತ್ತದೆ. ನಿಜವಾಗಿ ಕರೆದದ್ದೋ, ಆಟಕ್ಕೋ ಎಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ.