ಜೀಗುಜ್ಜೆಗೆ ಬೀಜ ಯಾಕಿಲ್ಲ?

ಲೋಕ ಆಗಷ್ಟೇ ಹೊಸದು. ಕಡಲಿಗೆ ಉಪ್ಪು ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಆಗ ಕಡಲಕರೆಯ ಗುಡ್ಡದಲ್ಲಿ ಹಲಸಿನ ಜಾತಿಯ, ಅಕ್ಕ-ತಂಗಿಯರಂಥ ಎರಡು ಮರಗಳಿದ್ದವು; ತಂಗಿಯೇ ಜೀಗುಜ್ಜೆ. ಎರಡರ ಕಾಯಿಯಲ್ಲೂ ಬೀಜವೇ ಬೀಜ.

ಅವನ್ನು ಸಾಕುತ್ತಿದ್ದವಳು ಪೂವಮ್ಮ. ಏನು ಕಂಡರೂ “ಇದು ಯಾಕೆ ಹೀಗೆ?” ಎಂದು ಕೇಳುವ ಹೆಂಗಸು.

ಆ ವರ್ಷ ಮಳೆ ನಿಲ್ಲಲೇ ಇಲ್ಲ. ಬತ್ತದ ಗದ್ದೆಗಳು ಕೊಚ್ಚಿಹೋದವು. ದೊಡ್ಡವರು ಆ ಮರಗಳ ಬೀಜ ಬೇಯಿಸಿ ತಿಂದರು. ಪೂವಮ್ಮನ ಕೂಸು ಮಾತ್ರ ಅತ್ತೇ ಅತ್ತಿತು.

“ಕೂಸು ಯಾಕೆ ಅಳ್ತದೆ?” ಎಂದಿತು ತಂಗಿ ಮರ.

“ಹಲ್ಲು ಬರಲಿಲ್ಲ ಮಾರಾಯ್ತಿ. ಬೀಜ ಹೇಗೆ ಜಗಿಯುವುದು? ನಿನ್ನಲ್ಲಿ ತಿರುಳು ಇರುವುದೇ ಬೆರಳಷ್ಟು.”

ಮರ ಕೂಸಿನತ್ತ ಬಾಗಿತು. “ಹಾಗಾದರೆ ಬೀಜದ ಜಾಗಕ್ಕೂ ತಿರುಳನ್ನೇ ತುಂಬ್ತೇನೆ.”

“ಹುಚ್ಚಿ!” ಎಂದಿತು ಗಾಳಿ. “ನಿನ್ನ ಸಂತಾನ?”

“ಬೇಡ ತಂಗಿ,” ಎಂದಿತು ಅಕ್ಕ ಮರ.

“ಕೂಸು ಅಳುವುದು ಈಗಲ್ಲವಾ?” ಎಂದಿತು ತಂಗಿ.

ಮುಂದಿನ ಕಾಯಿ ಹೆಚ್ಚಿದಾಗ ಒಳಗೆಲ್ಲ ಬೆಣ್ಣೆಯಂಥ ಬಿಳಿ. ಬೇಯಿಸಿ ಹಿಸುಕಿ ತಿನ್ನಿಸಿದರೆ ಕೂಸು ತಿಂದು, ತೇಗಿ, ನಿದ್ದೆಹೋಯಿತು.

ಪೂವಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಇದೊಂದೇ ಮರ, ಬಿದ್ದರೆ ಮುಗಿಯಿತು. ಕಾಯಿ ಹೂತಳು, ಕೊಳೆಯಿತು. ಕೊಂಬೆ ನೆಟ್ಟಳು, ಒಣಗಿತು. ಹೊಳೆಯನ್ನು ಕೇಳಿದಳು.

“ನಾನು ಬೀಜ ಹೊರುವವಳು, ಮಾಡುವವಳಲ್ಲ,” ಎಂದಿತು ಹೊಳೆ.

ಒಂದು ದಿನ ಅಕ್ಕನ ಬೀಜ ನೆಡಲು ಗುಂಡಿ ತೋಡುವಾಗ ಹಾರೆ ತಂಗಿಯ ಬೇರಿಗೆ ತಾಗಿತು. ಬಿಳಿ ಹಾಲು ಸುರಿಯಿತು.

“ಅಯ್ಯೋ, ನೋವಾಯ್ತಾ?”

“ಆಯ್ತು,” ಎಂದಿತು ಮರ. ಅದಕ್ಕೆ ಸುಳ್ಳು ಹೇಳಿ ಗೊತ್ತಿರಲಿಲ್ಲ.

ಪೂವಮ್ಮ ಗಾಯಕ್ಕೆ ಮಣ್ಣು ಮೆತ್ತಿದಳು. ದಿನವೂ ಬಂದು ನೋಡಿದಳು, ನೀರೆರೆದಳು. ಎರಡು ತಿಂಗಳಿಗೆ ಆ ಗಾಯದಿಂದಲೇ ಒಂದು ಹಸಿರು ಮೊಳಕೆ ತಲೆಯೆತ್ತಿತು!

“ಇದು ಯಾಕೆ ಇಲ್ಲಿ?”

“ನನಗೂ ಗೊತ್ತಿರಲಿಲ್ಲ ಪೂವಮ್ಮ,” ಎಂದಿತು ಮರ, ಎಲೆಯೆಲ್ಲ ಅಲುಗಿಸುತ್ತ. “ಕಾಯಿಯಿಂದ ಹೊರಟ ಬೀಜದ ಜೀವ ಬೇರಿಗೆ ಬಂದು ಕೂತಿದೆ.”

ಪೂವಮ್ಮ ಬೇರಿನ ತುಂಡಿನ ಜೊತೆಗೇ ಸಸಿಯನ್ನು ಎಬ್ಬಿಸಿ ಆಚೆ ನೆಟ್ಟಳು. ಆಮೇಲೆ ಇನ್ನೊಂದು. ಮತ್ತೊಂದು. ಕೂಸು ದೊಡ್ಡವಳಾಗಿ ಅವಳಿಗೂ ಮಕ್ಕಳಾಗುವಷ್ಟರಲ್ಲಿ ಗುಡ್ಡಕ್ಕೆ ಗುಡ್ಡವೇ ತೋಟವಾಗಿತ್ತು.

ಅದಕ್ಕೇ ಮಗಾ, ಅಕ್ಕನ ಹಣ್ಣು ಒಡೆದರೆ ಇವತ್ತಿಗೂ ಬೀಜ ಸುರಿಯುತ್ತದೆ. ತಂಗಿ ಜೀಗುಜ್ಜೆಯ ತೋಟ ಮಾಡುವವರು ಮಾತ್ರ ಬೀಜ ಹುಡುಕುವುದಿಲ್ಲ, ಬೇರಿನ ಒಂದು ತುಂಡು ಕೇಳಿಕೊಂಡು ಹೋಗುತ್ತಾರೆ.